ನೀರಿಲ್ಲದ ಸಮುದ್ರದ ದ್ವೀಪಗಳು

(ಪರಿಸರ ಶಿಬಿರವೊಂದರಲ್ಲಿ ಬೆಟ್ಟದ ಸೀಮೆಯ ರೈತರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಉಷ್ಣವಲಯದ ದ್ವೀಪಗಳು ಮತ್ತು ಅವುಗಳ ಎದುರು ದಡದ ಮಳೆಕಾಡುಗಳ ಜೀವರಾಶಿಯನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನರ ಮುಂದೆ ಈ ವಿಷಯವೇ ಎಂದು ಯಾರಿಗಾದರೂ ಅನ್ನಿಸಿದರೆ ಅದು ಸಹಜ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ವಾರದಲ್ಲಿ ಸುರಿಯುವಷ್ಟು ಮಳೆ ಪಾವಗಡಕ್ಕೆ ವರ್ಷವಿಡೀ ಬೀಳುತ್ತದೆ. ಅದೂ ಒಳ್ಳೆಯ ವರ್ಷವಾದರೆ. ಸಮುದ್ರವಂತೂ ಇಲ್ಲಿಂದ ಎತ್ತ ಹೋದರೂ ಇನ್ನೂರು ಕಿಲೋಮೀಟರಿಗೂ ದೂರ. ಆದರೂ ದ್ವೀಪಗಳ ವಿದ್ಯೆಯನ್ನು ಕಲಿಯಬೇಕಾದವರು ಯಾರಾದರೂ ಇದ್ದರೆ ಅವರು ನಾವೇ ಎಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳುವ ಮೊದಲು ನಿಜವಾದ ದ್ವೀಪಗಳಿಗೆ ಒಮ್ಮೆ ಹೋಗಿಬರೋಣ.

1883ರ ಆಗಸ್ಟ್ ತಿಂಗಳಲ್ಲಿ ಜಾವಾ ಮತ್ತು ಸುಮಾತ್ರಾಗಳ ನಡುವಿನ ಕ್ರಕಟೋವಾ ದ್ವೀಪವು ಜ್ವಾಲಾಮುಖಿಯಿಂದ ಸಿಡಿದು ಅದರ ಬಹುಪಾಲು ಸಮುದ್ರದ ಪಾಲಾಯಿತು. ಉಳಿದ ತುಂಡಿನ ಮೇಲೆ ಬೂದಿಯ ರಾಶಿಯಲ್ಲದೆ ಬೇರೇನೂ ಇರಲಿಲ್ಲ. ಮರುವರ್ಷ ಅಲ್ಲಿಗೆ ಹೋದ ಶೋಧಕರಿಗೆ ಕಂಡ ಏಕೈಕ ಜೀವಿ ಒಂದು ಪುಟ್ಟ ಜೇಡ. ನೂಲಿನ ಎಳೆಯನ್ನು ಗಾಳಿಗೆ ಬಿಟ್ಟು ಹಾರಿಬಂದ ಜೇಡವದು. ಅದರ ಹಿಂದೆ ಜರೀಗಿಡಗಳ ಬೀಜಕಣಗಳು ಬಂದವು, ಹುಲ್ಲು ಬಂದಿತು, ಅಲೆಗಳ ಮೇಲೆ ತೇಲುತ್ತ ತೀರದ ಗಿಡಗಳ ಬೀಜಗಳು ಬಂದವು, ಹಕ್ಕಿಬಾವಲಿಗಳ ಹೊಟ್ಟೆಯಲ್ಲಿ ಆಲ ಅತ್ತಿಗಳು ಬಂದವು. ಐವತ್ತು ವರ್ಷ ತುಂಬುವುದರೊಳಗೆ ಆ ಬೂದಿಗುಡ್ಡೆಯ ಮೇಲೆ ಕಾಡು ನಿಂತಿತ್ತು. ಇದು ಸಾಧ್ಯವಾದದ್ದು ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ ಜಾವಾ, ಸುಮಾತ್ರಾಗಳ ಮಳೆಕಾಡು ಇದ್ದುದರಿಂದ. ದ್ವೀಪವು ಸಾಲಗಾರ, ಎದುರು ದಡವು ಸಾಹುಕಾರ. ಸಾಹುಕಾರನ ಮನೆ ದೂರವಾದಷ್ಟೂ ಸಾಲ ಹುಟ್ಟುವುದು ಕಷ್ಟ.

ಎಲ್ಲ ಜೀವಿಗಳೂ ಸಮುದ್ರವನ್ನು ದಾಟಲಾರವು. ಕಪ್ಪೆಗೆ ಉಪ್ಪುನೀರು ಆಗದು. ಆನೆ ಈಜಬಲ್ಲುದು, ಮುಂಗುಸಿ ಅಷ್ಟಾಗಿ ಈಜಲಾರದು. ಹೀಗಾಗಿ ದ್ವೀಪದಲ್ಲಿ ಜೀವಿಗಳ ಬಗೆಗಳು ಎದುರು ದಡಕ್ಕಿಂತ ಕಡಿಮೆ. ಆದರೆ ಒಮ್ಮೆ ಬಂದು ಸೇರಿ, ತವರಿನ ನಂಟು ಕಡಿದುಕೊಂಡ ಜೀವಿಯು ಸಾವಿರಾರು ತಲೆಮಾರುಗಳಲ್ಲಿ ತನ್ನದೇ ದಾರಿ ಹಿಡಿದು ಬೇರೆಯೇ ಆಗುತ್ತದೆ. ಅಂಡಮಾನ್ ಸಮುದ್ರದಲ್ಲಿ ನಾರ್ಕೊಂಡಮ್ ಎಂಬ ದ್ವೀಪವಿದೆ. ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರ್ ಕೂಡ ಇಲ್ಲ. ಅಲ್ಲಿರುವ ಮಂಗಟ್ಟೆ ಹಕ್ಕಿಯು ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲ. ನಮ್ಮ ಕರ್ನಾಟಕಕ್ಕೂ ದ್ವೀಪಗಳುಂಟು. ಮುರುಡೇಶ್ವರದ ಎದುರಿಗೆ ಕಾಣುವ ನೇತ್ರಾಣಿಯಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಅಲ್ಲಿ ನೌಕಾಪಡೆಯು ಗುಂಡಿನ ಗುರಿ ಅಭ್ಯಾಸ ನಡೆಸಿದ್ದೂ ಉಂಟು.

1967ರಲ್ಲಿ ರಾಬರ್ಟ್ ಮೆಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನೆಲ್ಲ ಒಂದು ಲೆಕ್ಕಕ್ಕೆ ತಂದರು. ದ್ವೀಪವೊಂದರಲ್ಲಿ ಎಷ್ಟು ಬಗೆಯ ಜೀವಿಗಳಿರುತ್ತವೆ ಎಂಬುದು ಎರಡು ಸಂಗತಿಗಳ ತೂಗಾಟ: ಹೊರಗಿನಿಂದ ಬಂದು ಸೇರುವ ವೇಗ ಒಂದು, ಒಳಗಿರುವುದು ಅಳಿಯುವ ವೇಗ ಮತ್ತೊಂದು. ದ್ವೀಪ ದೂರವಾದರೆ ಬರುವುದು ಕಡಿಮೆ, ಚಿಕ್ಕದಾದರೆ ಅಳಿಯುವುದು ಹೆಚ್ಚು. ವೆಸ್ಟ್ ಇಂಡೀಸಿನ ಕಪ್ಪೆ, ಹಾವು, ಹಲ್ಲಿಗಳ ಎಣಿಕೆಯಿಂದ ಹುಟ್ಟಿದ ಒಂದು ಅಂದಾಜಿನ ಪ್ರಕಾರ ವಿಸ್ತೀರ್ಣ ಹತ್ತು ಪಟ್ಟು ಹೆಚ್ಚಿದರೆ ಬಗೆಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಇದನ್ನು ತಿರುಗಿಸಿ ಓದಿ. ಕಾಡಿನ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಉಳಿಸಿಕೊಂಡರೆ ಅರ್ಧದಷ್ಟು ಬಗೆಗಳು ಕಾಲಕ್ರಮದಲ್ಲಿ ಹೊರಟುಹೋಗುತ್ತವೆ. ಒಂದೇ ದಿನದಲ್ಲಿ ಹೋಗುವುದಿಲ್ಲವಾದ್ದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ವಿಲ್ಸನ್ ತನ್ನ ಶಿಷ್ಯ ಸಿಂಬರ್ಲಾಫ್ ಜೊತೆಗೂಡಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಒಂದು ಪ್ರಯೋಗ ಮಾಡಿದರು. ಮ್ಯಾಂಗ್ರೋವ್ ಗಿಡಗಳ ಪುಟ್ಟ ದ್ವೀಪಗಳು. ಒಂದೊಂದೂ ನಮ್ಮ ಕಣದಷ್ಟೇ ಅಗಲ. ಅವುಗಳಿಗೆ ಡೇರೆ ಹೊದಿಸಿ ಮೀಥೈಲ್ ಬ್ರೋಮೈಡ್ ಅನಿಲವನ್ನು ಬಿಟ್ಟು ಇದ್ದಬದ್ದ ಕೀಟ, ಜೇಡಗಳನ್ನೆಲ್ಲ ಕೊಂದರು. ದವಸದ ಗೋದಾಮುಗಳಲ್ಲಿ ಹುಳು ಕೊಲ್ಲಲು ನಮ್ಮವರು ಬಳಸುತ್ತಿದ್ದ ಅನಿಲವೇ ಅದು. ಅನಂತರ ಕುಳಿತು ಎಣಿಸಿದರು. ಒಂದು ವರ್ಷದೊಳಗೆ ಹೆಚ್ಚಿನ ದ್ವೀಪಗಳಲ್ಲಿ ಮೊದಲಿನಷ್ಟೇ ಬಗೆಗಳು ಮತ್ತೆ ನೆಲೆಸಿದ್ದವು. ಆದರೆ ಬಂದವು ಹಳೆಯವೇ ಆಗಿರಲಿಲ್ಲ. ದಡಕ್ಕೆ ಅತಿ ದೂರವಿದ್ದ ದ್ವೀಪದಲ್ಲಿ ಮಾತ್ರ ಸಂಖ್ಯೆಯೂ ಹಿಂದೆ ಬಿತ್ತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಉದಾಹರಣೆಗೆ ಬರುತ್ತೇನೆ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಮಳೆಕಾಡಿನ ಕಣಿವೆ ಮುಳುಗಿತು. 1914ರ ಹೊತ್ತಿಗೆ ಒಂದು ಬೆಟ್ಟದ ನೆತ್ತಿ ಮಾತ್ರ ನೀರಿನ ನಡುವೆ ಉಳಿಯಿತು. ಅದೇ ಬಾರೊ ಕೊಲೊರಾಡೊ ದ್ವೀಪ. 1923ರಿಂದ ಅದು ರಕ್ಷಿತ ಪ್ರದೇಶ. ಕೊಡಲಿ ಬಿದ್ದಿಲ್ಲ, ಬಂದೂಕಿಗೂ ತಡೆಯಿದೆ. ಆದರೂ ನೆಲದ ಬಳಿ ಹುಳು ಆಯ್ದು ತಿನ್ನುವ ಎಷ್ಟೋ ಕಾಡುಹಕ್ಕಿಗಳು ಅಲ್ಲಿಂದ ಒಂದೊಂದಾಗಿ ಮಾಯವಾದವು. ಎದುರು ದಡದಲ್ಲಿ ಅದೇ ಹಕ್ಕಿಗಳು ಸುಖವಾಗಿವೆ. ನಡುವೆ ಇರುವುದು ಕೆಲವು ನೂರು ಮೀಟರ್ ನೀರು. ರೆಕ್ಕೆಯಿದ್ದೂ ಏಕೆ ಬರಲಿಲ್ಲ? 2008ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇದಕ್ಕೆ ಉತ್ತರ ಕೊಟ್ಟಿತು. ಕಾಡಿನ ಹಕ್ಕಿಗಳನ್ನು ಹಿಡಿದು ದೋಣಿಯಲ್ಲಿ ಒಯ್ದು, ದಡದಿಂದ ನೂರು, ಇನ್ನೂರು, ಮುನ್ನೂರು ಮೀಟರ್ ದೂರದಿಂದ ಹಾರಬಿಟ್ಟರು. ಕೆಲವು ಲೀಲಾಜಾಲವಾಗಿ ದಡ ಸೇರಿದವು. ಕೆಲವು ನೂರು ಮೀಟರನ್ನೂ ಹಾರಲಾರದೆ ನೀರಿಗೆ ಬಿದ್ದವು, ದೋಣಿಯವರು ಎತ್ತಿಕೊಳ್ಳಬೇಕಾಯಿತು. ಜನ್ಮವಿಡೀ ಮರದಿಂದ ಮರಕ್ಕೆ ನೆರಳಿನಲ್ಲೇ ನೆಗೆದಾಡುವ ಹಕ್ಕಿಗೆ ಬಯಲನ್ನು ದಾಟುವ ಶಕ್ತಿಯಾಗಲಿ ಮನಸ್ಸಾಗಲಿ ಇರುವುದಿಲ್ಲ.

ಇಂಥ ದ್ವೀಪಗಳು ನಮ್ಮಲ್ಲಿಯೂ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಗುಡ್ಡಗಳ ನೆತ್ತಿಗಳು ಹಿನ್ನೀರಿನ ನಡುಗಡ್ಡೆಗಳಾದವು. ಅಲ್ಲಿಂದ ಎದ್ದುಬಂದ ಜನರ ಸಂಕಟ ನಮಗೆ ಗೊತ್ತು. ಅಲ್ಲಿ ಉಳಿದುಹೋದ ಪ್ರಾಣಿಗಳ ಕಥೆಯನ್ನು ನಾವು ಕೇಳಲಿಲ್ಲ. ಥಾಯ್ಲೆಂಡಿನಲ್ಲಿ 1980ರ ದಶಕದ ಕೊನೆಯಲ್ಲಿ ಹೀಗೆಯೇ ಆದ ನಡುಗಡ್ಡೆಗಳನ್ನು ಬೆನ್ನುಹತ್ತಿ ಅಧ್ಯಯನ ಮಾಡಿದವರು 2013ರಲ್ಲಿ ವರದಿ ಮಾಡಿದರು: ಇಪ್ಪತ್ತೈದು ವರ್ಷಗಳಲ್ಲಿ ಅಲ್ಲಿನ ಸಣ್ಣ ಸಸ್ತನಿಗಳು ಹೆಚ್ಚುಕಡಿಮೆ ನಿರ್ನಾಮವಾಗಿದ್ದವು, ಹೊರಗಿನಿಂದ ಬಂದ ಒಂದು ಜಾತಿಯ ಇಲಿ ಮಾತ್ರ ಎಲ್ಲೆಡೆ ತುಂಬಿಕೊಂಡಿತ್ತು.

ಮಿತ್ರರೆ, ಇನ್ನು ನಮ್ಮ ಬೆಟ್ಟಗಳಿಗೆ ಬರೋಣ. ಮಧುಗಿರಿಯ ಕೋಟೆಯ ನೆತ್ತಿಯನ್ನು ಹತ್ತಿದವರು ಸುತ್ತಲೂ ನೋಡಿದ್ದೀರಿ. ಚನ್ನರಾಯನದುರ್ಗ, ಸಿದ್ಧರ ಬೆಟ್ಟ, ಮಿಡಿಗೇಶಿ, ಹವೆ ತಿಳಿಯಾಗಿದ್ದರೆ ಇನ್ನೂ ದೂರದ ಬೆಟ್ಟಸಾಲುಗಳು. ನಡುವೆ ರಾಗಿ, ಶೇಂಗಾ, ತೊಗರಿಯ ಬಯಲು. ಮಳೆಗಾಲದ ಮುಂಜಾನೆ ಮಂಜು ಕವಿದಾಗ ನೆತ್ತಿಗಳಷ್ಟೇ ಮೇಲೆ ತೇಲುತ್ತವೆ. ಅವು ದ್ವೀಪಗಳೇ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದ ಭೂವಿಜ್ಞಾನಿಗಳು ಕರೆಯುವ ಗ್ರಾನೈಟ್ ಪಟ್ಟಿಯೊಂದು ಉತ್ತರಕ್ಕೆ ಮಧುಗಿರಿ, ಪಾವಗಡಗಳ ಮೂಲಕ ಮೊಳಕಾಲ್ಮೂರಿನತ್ತ ಹಾದುಹೋಗಿದೆ. ಅದು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಹೆಪ್ಪುಗಟ್ಟಿದ ಕಲ್ಲು. ಮೇಲಿನ ಹಾಗೂ ಸುತ್ತಲಿನ ಮೆದುಕಲ್ಲು ಮಳೆಗಾಳಿಗೆ ಸವೆದುಹೋಗಿ, ಗಟ್ಟಿಯಾದದ್ದು ಬೋಳುಬೆಟ್ಟವಾಗಿ ನಿಂತಿದೆ. ನಮ್ಮ ದ್ವೀಪಗಳ ಸುತ್ತಣ ಸಮುದ್ರಕ್ಕೆ ನೀರಿಲ್ಲ; ಬೆವರಿನ ಉಪ್ಪು ಮಾತ್ರ ಇದೆ.

ಈ ದ್ವೀಪಗಳ ನಿವಾಸಿಗಳು ಯಾರು? ಹಳದಿ ಕೊರಳಿನ ಪಿಕಳಾರವನ್ನು ಮೊದಲು ಹೇಳಬೇಕು. ಊರಿನ ಪಿಕಳಾರವನ್ನು ಎಲ್ಲರೂ ಬಲ್ಲೆವು. ಆದರೆ ಈ ಹಕ್ಕಿ ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಕುರುಚಲು ಪೊದೆಗಳಲ್ಲಿ ಮಾತ್ರ ಬದುಕುತ್ತದೆ; ಪ್ರಪಂಚದ ಬೇರೆ ಯಾವ ಮೂಲೆಯಲ್ಲಿಯೂ ಇಲ್ಲ. ನಂದಿಬೆಟ್ಟ, ಸಾವನದುರ್ಗ, ಆಂಧ್ರದ ಹಾರ್ಸ್ಲಿ ಬೆಟ್ಟ, ನಮ್ಮ ಜಿಲ್ಲೆಯ ದೇವರಾಯನದುರ್ಗ, ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತುಂಡುತುಂಡಾಗಿ ಹಂಚಿಹೋಗಿದೆ. ನಡುವಿನ ಬಯಲಿನಲ್ಲಿ ಕಾಣುವುದಿಲ್ಲ. ವಿನಾಶದ ಅಂಚಿಗೆ ಜಾರಬಲ್ಲ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಇನ್ನು ಕಾದ ಬಂಡೆಯ ಮೇಲೆ ಕೆಂಪು ಕಪ್ಪು ಬಣ್ಣ ಹೊತ್ತು ತಲೆಯಾಡಿಸುವ ಕಲ್ಲೋತಿಯನ್ನು ಮಕ್ಕಳೆಲ್ಲ ಬಲ್ಲರು. ದಕ್ಷಿಣ ಭಾರತದ ಗ್ರಾನೈಟ್ ಬಂಡೆಗಳ ಸಂದಿನಿಂದ ಒಂದು ದೊಡ್ಡ ಹಲ್ಲಿಯನ್ನು ಹೊಸ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದ್ದು 2011ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಬಂಡೆಯ ನೆತ್ತಿಯ ದೊಣೆಗಳನ್ನು ನೋಡಿ. ಬೇಸಗೆಯಲ್ಲಿ ಒಣಗಿ ಬಿರಿದ ತಳ. ಮುಂಗಾರಿನ ನೀರು ನಿಂತ ಕೆಲವೇ ದಿನಗಳಲ್ಲಿ ಅದರಲ್ಲಿ ಉಗುರುದ್ದದ ಸಿಗಡಿಯಂಥ ಜೀವಿಗಳು ಮಗುಚಿಕೊಂಡು ಈಜುತ್ತಿರುತ್ತವೆ. ಅವು ಹೊರಗಿನಿಂದ ಬಂದವಲ್ಲ. ಒಣಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾದಿದ್ದ ಮೊಟ್ಟೆಗಳು ಒಡೆದು ಬಂದವು. ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು, ನೀರು ಆರುವ ಮೊದಲು ಸಂಸಾರ ಮುಗಿಸಬೇಕು. ಮಳೆ ಕೈಕೊಡುವ ಸೀಮೆಯಲ್ಲಿ ಬಿತ್ತನೆಯನ್ನು ಕಲಿಯಬೇಕಾದರೆ ಈ ಜೀವಿಯ ಬಳಿ ಕಲಿಯಬೇಕು: ಎಲ್ಲ ಮೊಟ್ಟೆಗಳೂ ಮೊದಲ ಮಳೆಗೇ ಒಡೆಯುವುದಿಲ್ಲ, ಒಂದು ಪಾಲು ಮುಂದಿನ ಮಳೆಗೆಂದು ಉಳಿಯುತ್ತದೆ.

ಮಾಗಳಿ ಬೇರನ್ನು ಉಪ್ಪಿನಕಾಯಿಯ ಮೂಲಕವೇ ಎಲ್ಲರೂ ಬಲ್ಲರು. ಬಂಡೆಯ ಸೀಳಿನಲ್ಲಿ ಬೇರಿಳಿಸುವ ಆ ಬಳ್ಳಿಯೂ ದಕ್ಷಿಣ ಭಾರತದ ಸ್ವತ್ತು. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಆ ಬೇರಿನಲ್ಲಿ ದವಸದ ಹುಳುಗಳನ್ನು ಕೊಲ್ಲುವ ಗುಣವಿರುವುದನ್ನು ತೋರಿಸಿದ್ದಾರೆ. ಎಲೆ ಕೊಯ್ದರೆ ಗಿಡ ಚಿಗುರುತ್ತದೆ, ಬೇರನ್ನು ಕಿತ್ತರೆ ಗಿಡವೇ ಹೋಗುತ್ತದೆ. ಒಂದು ಬೆಟ್ಟದಲ್ಲಿ ಮುಗಿದರೆ ಮುಂದಿನ ಬೆಟ್ಟದಿಂದ ಬೀಜ ಹಾರಿಬಂದು ಮತ್ತೆ ಬೇರೂರುವುದಕ್ಕೆ ಎಷ್ಟು ಕಾಲ ಬೇಕೋ. ಮಾರುಕಟ್ಟೆ ಅಷ್ಟು ಕಾಲ ಕಾಯುವುದಿಲ್ಲ.

ಮಧುಗಿರಿಗೆ ಜೇನಿನಿಂದ ಹೆಸರು ಬಂದಿತೆಂಬ ಮಾತಿದೆ. ಹೆಸರಿನ ಚರ್ಚೆಯನ್ನು ಇತಿಹಾಸದವರಿಗೆ ಬಿಡೋಣ. ಬಂಡೆಯ ಕಮರಿಗಳಲ್ಲಿ ಹೆಜ್ಜೇನು ಇರುವುದಂತೂ ಕಣ್ಣಿಗೆ ಕಾಣುವ ಸಂಗತಿ. ಕೃಷಿ ವಿಜ್ಞಾನದವನಾಗಿ ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ಅದು ಎತ್ತರದ ಬಂಡೆಯಲ್ಲೋ ದೊಡ್ಡ ಮರದಲ್ಲೋ ಬಯಲಿಗೇ ಒಂದು ಹಲ್ಲೆ ಕಟ್ಟಿ, ಹೂವಿನ ಕಾಲ ಮುಗಿದೊಡನೆ ಬೇರೆ ಸೀಮೆಗೆ ಹೊರಟುಹೋಗುತ್ತದೆ, ಮತ್ತೆ ಬರುತ್ತದೆ. ಹುಣಸೆ, ಹೊಂಗೆ, ಸೂರ್ಯಕಾಂತಿ, ಬೀಜದ ಈರುಳ್ಳಿ ಇವುಗಳ ಹೂವಿಗೆ ದುಂಬಿ ಜೇನುಗಳ ಓಡಾಟ ಬೇಕೇಬೇಕು. ಸೂರ್ಯಕಾಂತಿಯ ತೆನೆಯಲ್ಲಿ ಜೊಳ್ಳು ಹೆಚ್ಚಾದರೆ ನಮ್ಮ ರೈತರು ಗೊಬ್ಬರದ ಅಂಗಡಿಗೆ ಹೋಗುತ್ತಾರೆ. ಬೆಟ್ಟದ ಕಡೆ ಒಮ್ಮೆ ನೋಡುವುದಿಲ್ಲ. ಬಂಡೆಯ ಬಳಿ ಸ್ಫೋಟ ನಡೆಯುತ್ತಿದ್ದರೆ, ಹಲ್ಲೆಯ ಕೆಳಗೆ ಬೆಂಕಿಯಿಟ್ಟು ಹುಳುವನ್ನೆಲ್ಲ ಸುಟ್ಟು ಜೇನು ಕಿತ್ತರೆ, ಅದರ ಲೆಕ್ಕ ಹೊಲದಲ್ಲಿ ಬರುತ್ತದೆ.

ಇನ್ನು ದೊಡ್ಡ ಪ್ರಾಣಿಗಳು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಚಿಂಕಾರದ ಜೊತೆಗೆ ಕೊಂಡುಕುರಿಯೂ ಅಲ್ಲಿದೆ. ತಿಮ್ಮಲಾಪುರದ ಕಾಡು ಕರಡಿಗಾಗಿ ವನ್ಯಜೀವಿಧಾಮವಾಗಿದೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ದ್ವೀಪದ ಲೆಕ್ಕವನ್ನು ಮರೆಯಬೇಡಿ. 798 ಎಕರೆಯ ಗಡಿಯೊಳಗೆ ಕೃಷ್ಣಮೃಗವು ತಾನೇ ತಾನಾಗಿ ಬಹುಕಾಲ ಬಾಳಲಾರದು. ಸುತ್ತಲಿನ ರೈತರ ಹೊಲ, ಬೀಳು, ಕೆರೆಯಂಗಳಗಳಲ್ಲಿ ಅದು ಮೇಯುತ್ತಿರುವುದರಿಂದ ಬದುಕಿದೆ. ಅದರ ಮೇವಿನ ವೆಚ್ಚವನ್ನು ಆ ರೈತರು ಭರಿಸುತ್ತಿದ್ದಾರೆ ಎಂಬುದನ್ನು ನಗರದ ಪ್ರಾಣಿಪ್ರಿಯರು ನೆನಪಿಡಬೇಕು. ಬೇಲಿ ಹಾಕಿ ಕಾಪಾಡಿಬಿಡುತ್ತೇವೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೇಲಿಯೆಂದರೆ ನಾವೇ ಕಟ್ಟುವ ಸಮುದ್ರ.

ಕರಡಿಯ ವಿಚಾರ ಸೂಕ್ಷ್ಮ. ಕರಡಿಯಿಂದ ಗಾಯಗೊಂಡವರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಇದ್ದಾರೆ. ಅವರೆದುರು ಕರಡಿಯ ಗುಣಗಾನ ಮಾಡುವುದು ಸುಲಭವಲ್ಲ, ಸರಿಯೂ ಅಲ್ಲ. ಆದರೆ ಅದು ಬಯಲಿಗೆ ಏಕೆ ಇಳಿಯುತ್ತದೆ ಎಂಬುದನ್ನು ಕೇಳಲೇಬೇಕು. ಹಗಲು ಅದಕ್ಕೆ ಗುಹೆ ಬೇಕು, ರಾತ್ರಿ ಗೆದ್ದಲು, ಜೇನು, ಕಾರೆ, ಬೋರೆ, ಅತ್ತಿ, ಕಕ್ಕೆಕಾಯಿ ಬೇಕು. ಇವೆಲ್ಲ ಒಂದೇ ಬೆಟ್ಟದಲ್ಲಿ ವರ್ಷವಿಡೀ ಸಿಗುವುದಿಲ್ಲ. ಹಾಗಾಗಿ ಒಂದು ಬೆಟ್ಟದಿಂದ ಮತ್ತೊಂದಕ್ಕೆ ಹಳ್ಳದ ಪೊದೆಗಳ ಮರೆ ಹಿಡಿದು ನಡೆಯುತ್ತದೆ. ಹೋಗುವ ದಾರಿಯಲ್ಲಿ ತಿಂದ ಹಣ್ಣಿನ ಬೀಜವನ್ನು ಗೊಬ್ಬರದ ಸಮೇತ ಬಿತ್ತುತ್ತದೆ. ಕ್ರಕಟೋವಾಕ್ಕೆ ಬಾವಲಿ ಮಾಡಿದ ಕೆಲಸವನ್ನು ಇಲ್ಲಿ ಕರಡಿ, ನರಿ, ಪುನುಗುಬೆಕ್ಕುಗಳು ಮಾಡುತ್ತವೆ. ಹಳ್ಳದ ದಂಡೆಯನ್ನು ಒತ್ತರಿಸಿ ಪೊದೆ ಸವರಿದರೆ ಕರಡಿ ನಡೆಯುವುದನ್ನು ಬಿಡುವುದಿಲ್ಲ. ಊರಿನ ನಡುವೆ, ಶೇಂಗಾ ಹೊಲದ ನಡುವೆ ನಡೆಯುತ್ತದೆ. ಆಗ ಮುಂಜಾನೆ ಹೊಲಕ್ಕೆ ಹೊರಟವರಿಗೆ ಎದುರಾಗುತ್ತದೆ.

ಆದ್ದರಿಂದ ಬೆಟ್ಟಗಳ ನಡುವಣ ಸಮುದ್ರ ಎಂಥದ್ದು ಎಂಬುದೇ ಮುಖ್ಯ ಪ್ರಶ್ನೆ. ಹಿಂದೆ ಅದು ದಾಟಬಲ್ಲ ಸಮುದ್ರವಾಗಿತ್ತು. ಬದುಗಳಲ್ಲಿ ಹೊಂಗೆ, ಬೇವು, ಹುಣಸೆ. ಊರಿಗೊಂದು ಗುಂಡುತೋಪು, ಗೋಮಾಳ, ದೇವರ ಬನ. ಹೊಲದ ಅಂಚಿಗೆ ಕತ್ತಾಳೆ, ತುಗ್ಗಲಿ, ಬಂದರಿಕೆಯ ಜೀವಂತ ಬೇಲಿ. ಅವು ನಡುನಡುವೆ ಇದ್ದ ಮೆಟ್ಟುಗಲ್ಲುಗಳು. ಅನಂತರ ನೀಲಗಿರಿ ತೋಪುಗಳು ಬಂದವು; ರಾಜ್ಯ ಸರ್ಕಾರ ಅದರ ಹೊಸ ನಾಟಿಯನ್ನು 2017ರಲ್ಲಿ ನಿಷೇಧಿಸುವ ವೇಳೆಗೆ ಎಷ್ಟೋ ಗೋಮಾಳಗಳು ಅದರ ಪಾಲಾಗಿದ್ದವು. ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಉದ್ಯಾನವಿದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಬರಗಾಲದಿಂದ ಬೇಸತ್ತ ಭೂಮಾಲೀಕನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಬರುವುದು ಸಣ್ಣ ವಿಷಯವಲ್ಲ. ಅದನ್ನು ಹಗುರವಾಗಿ ಟೀಕಿಸಲು ನನಗೆ ಇಷ್ಟವಿಲ್ಲ. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಬರುವುದಿಲ್ಲ ಎಂಬುದನ್ನು ಹೇಳಲೇಬೇಕು. ನಮ್ಮ ಇಂದಿನ ವಿಷಯಕ್ಕೆ ಸಂಬಂಧಿಸಿ ಹೇಳುವುದಾದರೆ, ತಂತಿಬೇಲಿ ಸುತ್ತಿದ ಗಾಜಿನ ಬಯಲು ನರಿ, ತೋಳ, ಮೊಲಗಳ ಪಾಲಿಗೆ ರಾಗಿ ಹೊಲಕ್ಕಿಂತ ಆಳವಾದ ಸಮುದ್ರ. ಇಂಥ ಯೋಜನೆಗಳ ನಕ್ಷೆ ತಯಾರಾಗುವಾಗಲೇ ಹಳ್ಳಗಳ ಎರಡೂ ದಂಡೆಗಳನ್ನು ಬೇಲಿಯ ಹೊರಗೆ ಬಿಡಬೇಕೆಂದು ಗ್ರಾಮಸಭೆಗಳು ಲಿಖಿತವಾಗಿ ಕೇಳಬಹುದು. ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಇದೆಲ್ಲ ಆಗದ ಮಾತು ಎನ್ನುವವರಿಗೆ ಶಿರಾ ತಾಲ್ಲೂಕಿನ ಕಗ್ಗಲಡುವನ್ನು ತೋರಿಸುತ್ತೇನೆ. ಅಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಗೂಡು ಕಟ್ಟುತ್ತವೆ. ಮರದ ಕೆಳಗೆ ಓಡಾಡುವವರ ಬಟ್ಟೆಗೆ ಹಿಕ್ಕೆ ಬೀಳುತ್ತದೆ, ಮೀನಿನ ನಾತವೂ ಇರುತ್ತದೆ. ಆದರೂ ಊರಿನವರು ಹಕ್ಕಿಗಳನ್ನು ಓಡಿಸಿಲ್ಲ. ಬೇಲಿಯಿಲ್ಲದ ಹಕ್ಕಿಧಾಮವದು.

ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಹೇಳಿ ನನ್ನ ಮಾತು ಮುಗಿಸುತ್ತೇನೆ. ನಿಮ್ಮ ಊರಿನ ಬೆಟ್ಟ ಯಾವುದೋ ಅದರ ಒಂದು ನಕ್ಷೆ ಬರೆಯಿರಿ. ಅದರಿಂದ ಅತಿ ಹತ್ತಿರದ ಮುಂದಿನ ಬೆಟ್ಟ ಎಷ್ಟು ದೂರ, ನಡುವೆ ಯಾವ ಹಳ್ಳ, ಯಾವ ತೋಪು, ಎಷ್ಟು ಬದುಮರ, ಎಲ್ಲಿ ತಂತಿಬೇಲಿ, ಎಲ್ಲಿ ಕಲ್ಲುಕ್ವಾರಿ ಎಂಬುದನ್ನು ನಡೆದು ನೋಡಿ ಗುರುತಿಸಿ. ನೆತ್ತಿಯಲ್ಲಿ ಎಷ್ಟು ದೊಣೆಗಳಿವೆ, ಮೊದಲ ಮಳೆಯ ನಂತರ ಯಾವುದರಲ್ಲಿ ಜೀವ ಕಂಡಿತು, ಎಷ್ಟನೆಯ ದಿನ ಕಂಡಿತು ಎಂದು ಬರೆದಿಡಿ. ಬೆಟ್ಟಕ್ಕೆ ಬೆಂಕಿ ಬಿದ್ದ ದಿನಾಂಕವನ್ನೂ ಬರೆಯಿರಿ. ಹೆಜ್ಜೇನು ಯಾವ ತಿಂಗಳು ಬಂದಿತು, ಯಾವ ತಿಂಗಳು ಹೋಯಿತು, ಎಷ್ಟು ಹಲ್ಲೆ ಇದ್ದವು ಎಂಬುದನ್ನು ದೂರದಿಂದಲೇ ಎಣಿಸಿ. ಹತ್ತಿರ ಹೋಗಿ ಸಾಹಸ ಮಾಡಬೇಡಿ. ಹಳದಿ ಕೊರಳಿನ ಪಿಕಳಾರ ಕಂಡರಂತೂ ಸ್ಥಳ, ದಿನಾಂಕ, ವೇಳೆ ಮೂರನ್ನೂ ತಪ್ಪದೆ ಬರೆಯಿರಿ. ನಾಲ್ಕೂ ತಾಲ್ಲೂಕುಗಳ ನಕ್ಷೆಗಳು ಕೈಗೆ ಬಂದ ಮೇಲೆ ಅವುಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವ ಹಳ್ಳದ ದಂಡೆಯನ್ನು ಮೊದಲು ಬಿಡಿಸಿಕೊಳ್ಳಬೇಕು ಎಂಬುದನ್ನು ಮುಂದಿನ ಶಿಬಿರದಲ್ಲಿ ಕೂಡಿ ತೀರ್ಮಾನಿಸೋಣ.